ಮೋಗ್ಲಿಯ ಜೊತೆ ಮತ್ತೊಮ್ಮೆ ಕಾಡಿಗೆ

ಈಗ ನಲವತ್ತರ ಆಸುಪಾಸಿನಲ್ಲಿರುವ ಯಾರನ್ನಾದರೂ ಕೇಳಿ ನೋಡಿ. ಬಾಲ್ಯದ ಭಾನುವಾರಗಳ ಮಾತು ಬಂದರೆ ಮೋಗ್ಲಿಯ ಹೆಸರು ಬಂದೇ ಬರುತ್ತದೆ. 1993ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಜಂಗಲ್ ಬುಕ್’ ಎಂಬ ಕಾರ್ಟೂನು ಧಾರಾವಾಹಿ ಒಂದು ತಲೆಮಾರಿನ ಮಕ್ಕಳನ್ನೇ ಟಿ.ವಿ. ಮುಂದೆ ಕಟ್ಟಿಹಾಕಿತ್ತು. ತೋಳಗಳ ಮಧ್ಯೆ ಬೆಳೆದ ಹುಡುಗ, ಅವನಿಗೆ ಪಾಠ ಹೇಳುವ ಕರಡಿ ಬಾಲೂ, ಕಾವಲು ನಿಲ್ಲುವ ಕರಿಚಿರತೆ ಬಘೀರಾ, ಹೊಂಚು ಹಾಕುವ ಹುಲಿ ಶೇರ್ ಖಾನ್. ಇಷ್ಟು ಸಾಕಾಗಿತ್ತು, ವಾರವಿಡೀ ಶಾಲೆಯಲ್ಲಿ ಆಡಲಿಕ್ಕೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಆ ಸಂತೋಷ ಸುಲಭಕ್ಕೆ ಸಿಕ್ಕುತ್ತಿರಲಿಲ್ಲ. ಟಿ.ವಿ. ಇದ್ದ ಮನೆ ಊರಿಗೊಂದೋ ಎರಡೋ. ಸುತ್ತ ಗುಡ್ಡಗಳ ಮರೆ. ಉದ್ದದ ಬಿದಿರಿನ ತುದಿಗೆ ಆಂಟೆನಾ ಕಟ್ಟಿ ಹಂಚಿನ ಮಾಡಿಗಿಂತ ಎತ್ತರಕ್ಕೆ ಏರಿಸಿದರೂ ತೆರೆಯ ಮೇಲೆ ಕಾಣುತ್ತಿದ್ದದ್ದು ಹೆಚ್ಚಿನ ಪಾಲು ಹಿಟ್ಟು ಚೆಲ್ಲಿದಂಥ ಚುಕ್ಕಿಗಳೇ. ಒಬ್ಬ ಅಂಗಳದಲ್ಲಿ ನಿಂತು ಬಿದಿರು ತಿರುಗಿಸಬೇಕು, ಇನ್ನೊಬ್ಬ ಜಗಲಿಯಿಂದ ಕೂಗಬೇಕು. “ಬಂತಾ?” “ಬಂತು, ಬಂತು... ಹೋಯ್ತು! ಅಲ್ಲೇ ಬಿಡು ಮಾರಾಯ!” ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಅದು ಬರುವುದು ಎಂದು ಎಂಬುದು ಯಾರಿಗೂ ಗೊತ್ತಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ಜೋಗದ ಸುತ್ತಮುತ್ತಲ ಊರುಗಳ ಮಾತು ಇದು! ಕರೆಂಟೇ ಇಲ್ಲದ ಕಡೆ ಕಪ್ಪು-ಬಿಳುಪು ಟಿ.ವಿ.ಗೆ ಕಾರಿನ ಬ್ಯಾಟರಿ ಜೋಡಿಸಿ ನೋಡುತ್ತಿದ್ದರು. ಬ್ಯಾಟರಿ ಇಳಿದರೆ ಪೇಟೆಗೆ ಹೊತ್ತು ಒಯ್ದು ಚಾರ್ಜ್ ಮಾಡಿಸಿ ತರಬೇಕು.

ಇದೇ ಧಾರಾವಾಹಿ 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಸಮಯದಲ್ಲಿ, ದೂರದರ್ಶನದಲ್ಲಿ ಮರುಪ್ರಸಾರವಾಯಿತು. ಆಗ ಮಲೆನಾಡಿನ ಎಷ್ಟೋ ಮನೆಗಳಿಗೆ ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು ಮರಳಿದ್ದರು. ಮುಂದೆ ಆನ್‌ಲೈನ್ ಪಾಠ ಶುರುವಾದ ಮೇಲೆ ಅದೇ ಮಕ್ಕಳು ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಕೊಡೆ ಹಿಡಿದು ಗುಡ್ಡ ಹತ್ತಿದರು. ಅಪ್ಪ ಆಂಟೆನಾ ತಿರುಗಿಸಿದ ಊರಿನಲ್ಲಿ ಮಗಳು ನೆಟ್‌ವರ್ಕ್ ಹುಡುಕಿದಳು. ಕಾಲ ಬದಲಾಗಿದೆ ಅನ್ನುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕಳೆದ ದಸರಾ ರಜೆಯಲ್ಲಿ ಅಕ್ಕನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಸರಣಿಯ ಕಂತುಗಳನ್ನು ಮತ್ತೆ ನೋಡಿದೆ. ಚಿಕ್ಕಂದಿನಲ್ಲಿ ನೋಡಿದ ಕತೆ ಅದಾಗಿರಲಿಲ್ಲ. ಆಗ ಕಂಡಿದ್ದು ಹುಲಿಯೊಡನೆ ಕಾದಾಡುವ ವೀರ ಹುಡುಗ. ಈಗ ಕಂಡಿದ್ದು ಹತ್ತು ಗುರುಗಳ ಕೈಯಲ್ಲಿ ಕಲಿಯುವ, ಕೊನೆಗೊಂದು ದಿನ ಸಾಕಿದ ಮನೆ ಬಿಟ್ಟು ಹೊರಡಬೇಕಾದ ಹುಡುಗ. ಈ ಎರಡನೆಯ ಕತೆ ಮಲೆನಾಡಿನ ಪ್ರತಿ ಮನೆಯಲ್ಲೂ ನಡೆಯುತ್ತಿರುವಂಥದ್ದು. ಆದ್ದರಿಂದ ವಿದ್ಯಾರ್ಥಿಗಳೂ ಅವರ ತಂದೆ-ತಾಯಿಯರೂ ಒಟ್ಟಿಗೆ ಕೂತು ನೋಡಬೇಕಾದದ್ದು ಇದರಲ್ಲಿ ಬೇಕಾದಷ್ಟಿದೆ.

ಬಂದದ್ದು ಜಪಾನಿನಿಂದ

ಹಾಡು ಹಿಂದಿ, ಮಾತು ಹಿಂದಿ, ಕಾಡು ಮಧ್ಯಪ್ರದೇಶದ್ದು. ಹಾಗಾಗಿ ಇದು ನಮ್ಮ ದೇಶದಲ್ಲೇ ತಯಾರಾದದ್ದು ಎಂದು ಆಗ ಬಹಳ ಮಕ್ಕಳು ನಂಬಿದ್ದರು. ಅಸಲಿಗೆ ಇದನ್ನು ಮಾಡಿದ್ದು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ. 1989ರ ಅಕ್ಟೋಬರ್‌ನಿಂದ 1990ರ ಅಕ್ಟೋಬರ್‌ವರೆಗೆ ಒಟ್ಟು 52 ಕಂತುಗಳು ಟಿ.ವಿ. ಟೋಕಿಯೋದಲ್ಲಿ ಪ್ರಸಾರವಾದವು. ಹಿಂದಿಗೆ ಬಂದಾಗ ಗುಲ್ಜಾರ್ ಶೀರ್ಷಿಕೆ ಗೀತೆ ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನ್‌ಗೆ ನಟ ನಾನಾ ಪಾಟೇಕರ್ ದನಿ ಕೊಟ್ಟರು.

ನಮ್ಮ ಮಕ್ಕಳಿಗೆ ಹಿಂದಿ ಎಷ್ಟು ತಿಳಿಯುತ್ತಿತ್ತು? ಆ ಹಾಡಿನಲ್ಲಿ ಸ್ಪಷ್ಟವಾಗಿ ಅರ್ಥವಾಗುತ್ತಿದ್ದ ಪದ ‘ಚಡ್ಡಿ’ ಒಂದೇ. ಅದು ಕನ್ನಡದಲ್ಲೂ ಚಡ್ಡಿಯೇ ತಾನೆ! ಉಳಿದದ್ದನ್ನು ಮಕ್ಕಳು ಮುಖ ನೋಡಿ, ದನಿ ಕೇಳಿ ಊಹಿಸಿಕೊಂಡರು. ಮರುದಿನ ಶಾಲೆಯಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಕನ್ನಡದಲ್ಲೇ ಮಾತಾಡುವ ಕಾರ್ಟೂನುಗಳ ವಾಹಿನಿ ‘ಚಿಂಟು’ ಬಂದದ್ದು 2009ರಲ್ಲಿ, ಆ ಮಕ್ಕಳೆಲ್ಲ ದೊಡ್ಡವರಾದ ಮೇಲೆ.

ಜಪಾನಿನ ಕಲಾವಿದರಿಗೆ ಕತೆ ಸಿಕ್ಕಿದ್ದು ರಡ್ಯಾರ್ಡ್ ಕಿಪ್ಲಿಂಗ್‌ನ ಪುಸ್ತಕಗಳಿಂದ. 1894ರಲ್ಲಿ ‘ದಿ ಜಂಗಲ್ ಬುಕ್’, ಮರುವರ್ಷ ಅದರ ಎರಡನೆಯ ಭಾಗ. ಕತೆ ನಡೆಯುವುದು ಮಧ್ಯಪ್ರದೇಶದ ಸಿವನಿಯ ಬೆಟ್ಟಗಳಲ್ಲಿ, ವೈನ್‌ಗಂಗಾ ನದಿಯ ಬದಿಯಲ್ಲಿ. ಈಗಿನ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ ಇರುವುದೂ ಆ ಭಾಗದಲ್ಲೇ. ಬರೆದದ್ದು ಮಾತ್ರ ಅಮೆರಿಕದ ಹಿಮ ಬೀಳುವ ವರ್ಮಾಂಟ್‌ನಲ್ಲಿ ಕೂತು! ಅಮೆರಿಕದಲ್ಲಿ ಬರೆದ ಭಾರತದ ಕಾಡಿನ ಇಂಗ್ಲಿಷ್ ಕತೆ ಜಪಾನಿಗೆ ಹೋಗಿ ಚಿತ್ರವಾಗಿ, ಹಿಂದಿ ಕಲಿತು, ಮಲೆನಾಡಿನ ಜಗಲಿಗೆ ಬಂದು ಕೂತಿತು.

ಹೊರಗಿನ ಕತೆ ನಮ್ಮದಾಗುವುದು ಇಲ್ಲಿ ಹೊಸತೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಇಂಗ್ಲಿಷ್ ಕವಿ ಬ್ರೌನಿಂಗ್‌ನ ಪದ್ಯದ ಕತೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಬರೆದರು. ಅದು ಜರ್ಮನಿಯ ಊರಿನ ಕತೆ ಎಂದು ಇವತ್ತು ಯಾವ ಕನ್ನಡದ ಮಗುವಿಗೂ ಅನಿಸುವುದಿಲ್ಲ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆಗಳನ್ನು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಮೋಗ್ಲಿಯನ್ನು ನಮ್ಮವನನ್ನಾಗಿ ಮಾಡಿಕೊಂಡವರು ಯಾವ ಸಾಹಿತಿಯೂ ಅಲ್ಲ, ಮಕ್ಕಳೇ.

ಎರಡನೆಯ ನೋಟ

ಮತ್ತೆ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಚಿತ್ರದ ಕೆಲಸ. “ಮಾಮ, ಈ ತೋಳ ಆಗಲೇ ಹೀಗೇ ಓಡಿತ್ತಲ್ಲ?” ಎಂದು ಅಕ್ಕನ ಚಿಕ್ಕ ಮಗಳು ಕೇಳಿದಳು. ಹೌದು, ಅದೇ ಓಟ, ಅದೇ ಮರ, ಅದೇ ಬಂಡೆ. ಚಿಕ್ಕಂದಿನಲ್ಲಿ ನಮಗಿದು ಕಂಡಿರಲೇ ಇಲ್ಲ.

ಕಾರಣ ಸರಳ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬರೆಯಲು ಟಿ.ವಿ. ಧಾರಾವಾಹಿಗೆ ಹಣವೂ ಇಲ್ಲ, ಪುರುಸೊತ್ತೂ ಇಲ್ಲ. ಆದ್ದರಿಂದ ಜಪಾನಿನವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸುತ್ತಿದ್ದರು. ಅಂದರೆ ಸೆಕೆಂಡಿಗೆ ಎಂಟು. ಇಪ್ಪತ್ತೆರಡು ನಿಮಿಷದ ಕಂತಿಗೆ ಲೆಕ್ಕ ಹಾಕಿ ನೋಡಿ, ಹಾಗೂ ಹತ್ತು ಸಾವಿರ ಮೀರುತ್ತದೆ! ಆಗ ಎಲ್ಲವೂ ಕೈಕೆಲಸ. ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದು, ಹಿಂದಿನಿಂದ ಬಣ್ಣ ತುಂಬಿ, ಒಂದೊಂದನ್ನೇ ಕ್ಯಾಮೆರಾ ಕೆಳಗಿಟ್ಟು ಫೋಟೊ ತೆಗೆಯಬೇಕು. ಹಾಗಾಗಿ ಓಡುವ ತೋಳವನ್ನು ಹತ್ತು ಕಂತಿಗೆ ಬಳಸಿದರು, ಮಾತಾಡುವಾಗ ಬಾಯಿಯನ್ನಷ್ಟೇ ಆಡಿಸಿದರು, ಜಗಳ ಜೋರಾದಾಗ ಪಾತ್ರವನ್ನು ಹಾಗೇ ನಿಲ್ಲಿಸಿ ಹಿನ್ನೆಲೆಯನ್ನು ಎಳೆದರು. ಕೊರತೆಯಿಂದ ಹುಟ್ಟಿದ ಈ ಜಾಣತನವನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಅವರಿಗೆ ಬೇಸರವಾಗುವುದಿಲ್ಲ, ಕುತೂಹಲ ಹೆಚ್ಚುತ್ತದೆ. ನೋಟುಬುಕ್ಕಿನ ಮೂಲೆಯಲ್ಲಿ ಇಪ್ಪತ್ತು ಹಾಳೆಗೆ ಇಪ್ಪತ್ತು ಚಿತ್ರ ಬರೆದು ಸರಕ್ಕನೆ ತಿರುವಿ ನೋಡಿದ ಹುಡುಗಿಗೆ ಈ ಕಲೆಯ ಗುಟ್ಟು ಅರ್ಧ ತಿಳಿದ ಹಾಗೆ.

ಎರಡನೆಯದಾಗಿ ಕಾಣುವುದು ಬಾಲೂ. ಡಿಸ್ನಿಯವರ 1967ರ ಸಿನಿಮಾದಲ್ಲಿ ಬಾಲೂ ಕುಣಿದು ಕುಪ್ಪಳಿಸುವ ಸೋಮಾರಿ. ಕಿಪ್ಲಿಂಗ್‌ನ ಪುಸ್ತಕದಲ್ಲಿ ಮಾತ್ರ ಅವನು ಶಿಸ್ತಿನ ಮೇಷ್ಟ್ರು. ಕಾಡಿನ ಕಾನೂನನ್ನು ಬಾಯಿಪಾಠ ಮಾಡಿಸುತ್ತಾನೆ, ತಪ್ಪಿದರೆ ಪೆಟ್ಟನ್ನೂ ಕೊಡುತ್ತಾನೆ. ಅವನ ದೊಡ್ಡ ಪಾಠವೆಂದರೆ ಭಾಷೆ. ಹಕ್ಕಿಗೆ ಹಕ್ಕಿಯ ಮಾತಿನಲ್ಲಿ, ಹಾವಿಗೆ ಹಾವಿನ ಮಾತಿನಲ್ಲಿ ನಾನು ನಿನ್ನ ಬಂಧು ಎಂದು ಹೇಳಲು ಕಲಿಯಬೇಕು. ಮುಂದೆ ಕೋತಿಗಳು ಮೋಗ್ಲಿಯನ್ನು ಹೊತ್ತೊಯ್ದಾಗ ಅವನನ್ನು ಉಳಿಸುವುದು ತೋಳ್ಬಲವಲ್ಲ, ಮೇಲೆ ಹಾರುತ್ತಿದ್ದ ಹದ್ದಿಗೆ ಅದರ ಮಾತಿನಲ್ಲೇ ಕೂಗಿ ಹೇಳಿದ ಆ ಪಾಠ.

ನಾವು ಕನ್ನಡದಲ್ಲಿ ‘ಕಾಡಿನ ನ್ಯಾಯ’ ಎಂದರೆ ಬಲಿಷ್ಠನದೇ ರಾಜ್ಯ ಎಂದುಕೊಳ್ಳುತ್ತೇವೆ. ‘ಮತ್ಸ್ಯನ್ಯಾಯ’ ಎಂದೂ ಹೇಳುವುದುಂಟು. ಕಿಪ್ಲಿಂಗ್‌ನ ಕಾಡಿನ ಕಾನೂನು ಇದಕ್ಕೆ ತದ್ವಿರುದ್ಧ. ಹಸಿವಿಗಲ್ಲದೆ ಕೊಲ್ಲಬಾರದು, ಮರಿಗಳನ್ನು ಎಲ್ಲರೂ ಕಾಯಬೇಕು. ಬರ ಬಂದು ನದಿಯಲ್ಲಿ ಒಂದು ಗೊತ್ತಾದ ಬಂಡೆ ಮೇಲೆದ್ದು ಕಂಡರೆ ಎಲ್ಲರಿಗೂ ನೀರಿನ ಒಪ್ಪಂದ. ಆಗ ಹುಲಿಯೂ ಜಿಂಕೆಯೂ ಒಂದೇ ನದಿಯಲ್ಲಿ ನೀರು ಕುಡಿಯಬೇಕು, ಬೇಟೆ ನಿಷೇಧ. ನಮ್ಮಲ್ಲೂ ಅಂಥ ಕಾನೂನುಗಳಿದ್ದವು, ಇನ್ನೂ ಅಲ್ಲಲ್ಲಿ ಇವೆ. ದೇವರಕಾನಿನಲ್ಲಿ ಮರ ಕಡಿಯುವಂತಿಲ್ಲ. ನಾಗಬನಕ್ಕೆ ಕತ್ತಿ ಒಯ್ಯುವಂತಿಲ್ಲ. ಸೊಪ್ಪಿನಬೆಟ್ಟದಿಂದ ಅಡಿಕೆ ತೋಟಕ್ಕೆ ಸೊಪ್ಪು ತರಬಹುದು, ಮರ ಉರುಳಿಸುವಂತಿಲ್ಲ. ಇವನ್ನೆಲ್ಲ ಮಕ್ಕಳಿಗೆ ಹೇಳಿಕೊಡುವ ಬಾಲೂಗಳು ನಮ್ಮ ಮನೆಗಳಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ?

ಆ ಕಾಡು, ಈ ಕಾಡು

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು, ಸಾಗರದ ಗಡಿಯಲ್ಲಿ ಜೋಗದ ಬಂಡೆಯಿಂದ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ಈ ದಾರಿಯುದ್ದಕ್ಕೂ ಇರುವ ಕಾಡಿನ ಮಕ್ಕಳು ಮೋಗ್ಲಿಯ ಕಾಡನ್ನು ನೋಡುವಾಗ ಒಂದು ಅನುಕೂಲವಿದೆ. ಹೋಲಿಸಿ ನೋಡಲು ಇನ್ನೊಂದು ಕಾಡು ಹಿತ್ತಿಲಿನಲ್ಲೇ ಇದೆ.

ಬಘೀರಾನನ್ನೇ ತೆಗೆದುಕೊಳ್ಳಿ. ಕರಿಚಿರತೆ ಎಂಬುದು ಬೇರೆ ಜಾತಿಯ ಪ್ರಾಣಿಯಲ್ಲ, ಮೈಬಣ್ಣ ಕಪ್ಪಾಗಿರುವ ಚಿರತೆಯೇ. ಬಿಸಿಲು ಬಿದ್ದಾಗ ಹತ್ತಿರದಿಂದ ನೋಡಿದರೆ ಕಪ್ಪಿನೊಳಗೇ ಚುಕ್ಕೆಗಳು ಕಾಣುತ್ತವೆ. ಒಣಕಾಡಿಗಿಂತ ದಟ್ಟವಾದ, ಮಳೆ ಹೆಚ್ಚಿರುವ ಕಾಡುಗಳಲ್ಲಿ ಇದು ಕಾಣಸಿಗುವುದು ಹೆಚ್ಚು. ಬಘೀರಾನಿಗೆ ಸಿವನಿಗಿಂತ ಪಶ್ಚಿಮಘಟ್ಟವೇ ಹೆಚ್ಚು ಒಗ್ಗುವ ಊರು ಎನ್ನಬಹುದು.

ತೋಳದ ವಿಷಯ ಬೇರೆ. ನಮ್ಮ ನಿತ್ಯಹಸಿರಿನ ಕಾಡು ತೋಳಕ್ಕೆ ಹೇಳಿದ ಜಾಗವಲ್ಲ. ಅದು ಕುರಿ ಹಿಂಡು ತಿರುಗುವ ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ. ನಮ್ಮಲ್ಲಿ ಗುಂಪು ಕಟ್ಟಿ ಬೇಟೆಯಾಡುವುದು ಸೀಳುನಾಯಿ. ಎರಡನೆಯ ಪುಸ್ತಕದಲ್ಲಿ ಕಿಪ್ಲಿಂಗ್ ಈ ಕೆಂಪು ನಾಯಿಗಳ ದಂಡನ್ನೂ ತರುತ್ತಾನೆ, ಅದೂ ದಖ್ಖನ್ ಕಡೆಯಿಂದ! ಹುಲಿಯೂ ದಾರಿ ಬಿಡುವ ಆ ದಂಡನ್ನು ಮೋಗ್ಲಿ ಸೋಲಿಸುವ ಉಪಾಯ ನಮ್ಮ ಮಕ್ಕಳಿಗೆ ತಕ್ಷಣ ಅರ್ಥವಾಗುವಂಥದ್ದು. ನದಿಯ ಕಡಿದಾದ ಬಂಡೆಗಳಲ್ಲಿ ಕಟ್ಟಿದ ಜೇನುಗೂಡುಗಳನ್ನು ಕೆಣಕಿ, ತಾನು ನೀರಿಗೆ ಹಾರಿ, ಬೆನ್ನಟ್ಟಿ ಬಂದ ನಾಯಿಗಳನ್ನು ಜೇನಿನ ಬಾಯಿಗೆ ಕೊಡುತ್ತಾನೆ. ಹೆಜ್ಜೇನು ಎದ್ದರೆ ಏನಾಗುತ್ತದೆ ಎಂಬುದನ್ನು ಮಲೆನಾಡಿನ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಶತ್ರುವಾದ ಸೀಳುನಾಯಿ ಇವತ್ತು ಜಗತ್ತಿನಲ್ಲೇ ಅಳಿವಿನಂಚಿನ ಪ್ರಾಣಿ ಎಂಬುದನ್ನೂ ಸೇರಿಸಿ ಹೇಳಬೇಕು.

ಸರಣಿಯಲ್ಲಿ ಮೋಗ್ಲಿಯ ಪುಟ್ಟ ಗೆಳೆಯ ಕಿಚಿ ಎಂಬ ಕೆಂಪು ಪಾಂಡಾ ಇದೆ. ಕಿಪ್ಲಿಂಗ್‌ನ ಪುಸ್ತಕದಲ್ಲಿ ಅದಿಲ್ಲ, ಜಪಾನಿನವರು ಸೇರಿಸಿದ್ದು. ನಮ್ಮ ದೇಶದಲ್ಲಿ ಕೆಂಪು ಪಾಂಡಾ ಇರುವುದು ಸಿಕ್ಕಿಂ, ಅರುಣಾಚಲ, ಉತ್ತರ ಬಂಗಾಳದ ಹಿಮಾಲಯದ ತಂಪಿನಲ್ಲಿ. ಮಧ್ಯಪ್ರದೇಶದ ಬಿಸಿಲಿಗೆ ಅದು ಬಂದದ್ದು ಕಲಾವಿದರ ಕುಂಚದಲ್ಲಿ ಮಾತ್ರ. ಮೋಗ್ಲಿ ಎಸೆಯುವ, ಎಸೆದರೆ ಕೈಗೇ ಮರಳುವ ಬೂಮರಾಂಗ್ ಕೂಡ ಹಾಗೆಯೇ ಆಸ್ಟ್ರೇಲಿಯಾವನ್ನು ನೆನಪಿಸುವಂಥದ್ದು. ಆ ಕಾಲದಲ್ಲಿ ಹಲಗೆ ಕೊರೆದು ಅದನ್ನು ಮಾಡಿ ಎಸೆದ ಹುಡುಗರೆಷ್ಟೋ. ಅದು ಒಮ್ಮೆಯೂ ಮರಳಿ ಬರಲಿಲ್ಲ, ತೋಟದ ಕಪ್ಪಿನಲ್ಲಿ ಬಿದ್ದಿರುತ್ತಿತ್ತು!

ಇನ್ನು ಕೋತಿಗಳು. ಪುಸ್ತಕದಲ್ಲೂ ಸರಣಿಯಲ್ಲೂ ಅವು ಕಾನೂನಿಲ್ಲದ, ಮಾತು ಉಳಿಸಿಕೊಳ್ಳದ ಗುಂಪು. ನಮ್ಮ ಕಾಡಿಗೆ ಬಂದರೆ ಕತೆ ಹಾಗಿಲ್ಲ. ಇಲ್ಲಿನ ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಅದಕ್ಕಾಗಿಯೇ 2019ರಲ್ಲಿ ಶರಾವತಿ ಕಣಿವೆಯಲ್ಲಿ ಸಿಂಗಳೀಕ ಅಭಯಾರಣ್ಯ ಘೋಷಣೆಯಾಯಿತು. ಮಂಗನ ಕಾಯಿಲೆಯ ನೆನಪೂ ಇಲ್ಲಿಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ 2018-19ರಲ್ಲಿ ಜೋಗಕ್ಕೆ ಸಮೀಪದ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗ ಹರಡುವುದು ಉಣುಗಿನ ಕಡಿತದಿಂದ. ಮಂಗ ಅದನ್ನು ಬೇಕೆಂದು ತರುವುದಿಲ್ಲ, ಅದೂ ಸಾಯುತ್ತದೆ. ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎಂಬುದು ಇಲ್ಲಿನ ಮಕ್ಕಳಿಗೆ ಗೊತ್ತಿರಲೇಬೇಕಾದ ಕಾಡಿನ ಕಾನೂನು.

ಎರಡು ಹುಲಿಗಳು

ಕನ್ನಡದ ಮಗು ಶೇರ್ ಖಾನ್‌ನನ್ನು ಕಾಣುವ ಮೊದಲೇ ಇನ್ನೊಂದು ಹುಲಿಯನ್ನು ಕಂಡಿರುತ್ತದೆ. ಅದು ಪುಣ್ಯಕೋಟಿಯ ಕತೆಯ ಅರ್ಬುತ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಹೋದ ಹಸು ಮಾತಿನಂತೆ ಮರಳಿ ಬಂದಾಗ ಆ ಹುಲಿಗೆ ನಾಚಿಕೆಯಾಗುತ್ತದೆ, ಪ್ರಾಣವನ್ನೇ ಬಿಡುತ್ತದೆ. ಶೇರ್ ಖಾನ್‌ಗೆ ನಾಚಿಕೆ ಎಂಬುದೇ ಇಲ್ಲ. ಅವನನ್ನು ಸೋಲಿಸಲು ಉಪಾಯ ಬೇಕು, ಬೆಂಕಿ ಬೇಕು. ಒಂದು ಕತೆಯಲ್ಲಿ ಸತ್ಯ ಗೆಲ್ಲುತ್ತದೆ, ಇನ್ನೊಂದರಲ್ಲಿ ಬುದ್ಧಿ.

ಅಕ್ಕನ ಮಕ್ಕಳಲ್ಲಿ ಯಾವ ಹುಲಿ ನಿಜವಾದದ್ದು ಎಂಬ ಜಗಳವೇ ಆಯಿತು. “ಅರ್ಬುತ ಪಾಪದ ಹುಲಿ,” ಎಂದಳು ಚಿಕ್ಕವಳು. “ಹುಲಿ ದನ ತಿನ್ನದೆ ಮತ್ತೇನು ಹುಲ್ಲು ತಿನ್ನುತ್ತದಾ?” ಎಂದ ದೊಡ್ಡವನು. ಅವನದೂ ಸರಿಯಾದ ಪ್ರಶ್ನೆಯೇ. ನಿಜವಾದ ಹುಲಿ ನೀಚನೂ ಅಲ್ಲ, ಸಂತನೂ ಅಲ್ಲ. ಹಸಿದಿರುತ್ತದೆ, ಅಷ್ಟೇ. ಹುಲಿಯಿಂದ ದನ ಕಳೆದುಕೊಂಡೂ ಹುಲಿದೇವರಿಗೆ ಕಾಯಿ ಒಡೆದ ಮಲೆನಾಡಿನ ಹಿರಿಯರಿಗೆ ಇದು ತಿಳಿದಿತ್ತು. ಹೊಸನಗರ ತಾಲ್ಲೂಕಿನ ಹುಲಿಕಲ್ ಇವತ್ತು ಮಳೆಗೆ ಹೆಸರಾದ ಜಾಗ, ಆದರೆ ಹೆಸರಿನೊಳಗೆ ಹುಲಿ ಇದ್ದೇ ಇದೆ.

ಮನೆ ಬಿಟ್ಟ ಹುಡುಗ

ಸರಣಿಯ ಅಂತ್ಯದ ಹೊತ್ತಿಗೆ ಮೋಗ್ಲಿ ಮನುಷ್ಯರ ಊರಿನ ದಾರಿ ಹಿಡಿಯಬೇಕಾಗುತ್ತದೆ. ಪುಸ್ತಕದಲ್ಲಿ ಅವನು ಮೊದಲ ಸಲ ಊರಿಗೆ ಹೋದಾಗಿನ ಭಾಗವನ್ನು ಹಾಸ್ಟೆಲಿನಲ್ಲಿ ಮೊದಲ ರಾತ್ರಿ ಕಳೆದವರು ಓದಬೇಕು. ಹುಲಿ ಒಯ್ದ ತನ್ನ ಮಗ ಇವನೇ ಇರಬಹುದು ಎಂದು ಮೆಸುವಾ ಎಂಬ ತಾಯಿ ಅವನನ್ನು ಮನೆಗೆ ಕರೆದೊಯ್ಯುತ್ತಾಳೆ. ಹಾಲು ಕೊಡುತ್ತಾಳೆ, ಹಾಸಿಗೆ ಕೊಡುತ್ತಾಳೆ. ಆದರೆ ಸೂರಿನ ಕೆಳಗೆ ಅವನಿಗೆ ಉಸಿರು ಕಟ್ಟುತ್ತದೆ. ಕಿಟಕಿಯಿಂದ ಹೊರಗಿಳಿದು ಹುಲ್ಲಿನ ಮೇಲೆ ಮಲಗುತ್ತಾನೆ. ಊರವರ ಮಾತು ಬಾರದು, ಬಟ್ಟೆ ಉಡಲು ಬಾರದು, ದುಡ್ಡು ಎಂದರೇನೆಂದು ತಿಳಿಯದು. ಕಾಡು ಹೊರಗಟ್ಟಿದ ಹುಡುಗನನ್ನು ಕೊನೆಗೆ ಆ ಊರೂ ಹೊರಗಟ್ಟುತ್ತದೆ.

ಇದನ್ನು ಬರೆದವನಿಗೆ ಆ ನೋವು ಗೊತ್ತಿತ್ತು. ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಮುಂಬಯಿಯಲ್ಲಿ. ಆಗಿನ ಇಂಗ್ಲಿಷ್ ಕುಟುಂಬಗಳ ಪದ್ಧತಿಯಂತೆ 1871ರಲ್ಲಿ, ಆರು ವರ್ಷವೂ ತುಂಬಿರದ ಅವನನ್ನೂ ಪುಟ್ಟ ತಂಗಿಯನ್ನೂ ತಂದೆ-ತಾಯಿ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಅಪರಿಚಿತರ ಮನೆಯಲ್ಲಿ ಬಿಟ್ಟು ಬಂದರು. ಏಕೆ ಬಿಡುತ್ತಿದ್ದೇವೆ ಎಂದು ಮಕ್ಕಳಿಗೆ ಹೇಳಿರಲಿಲ್ಲ. ಸುಮಾರು ಆರು ವರ್ಷ ಆ ಮನೆಯಲ್ಲಿ ಅವನು ಪಟ್ಟ ಪಾಡನ್ನು ಮುಂದೆ ಕತೆಯಾಗಿ ಬರೆದ. ಬ್ರಿಟಿಷ್ ಸಾಮ್ರಾಜ್ಯದ ಸಮರ್ಥಕನಾಗಿದ್ದ ಕಿಪ್ಲಿಂಗ್‌ನ ರಾಜಕೀಯವನ್ನು ನಾವು ಒಪ್ಪಬೇಕಾಗಿಲ್ಲ. ಅವನು ಭಾರತದ ಹಳ್ಳಿಗರನ್ನು ಚಿತ್ರಿಸಿದ ರೀತಿಯನ್ನು ದೊಡ್ಡ ತರಗತಿಯ ವಿದ್ಯಾರ್ಥಿಗಳು ಪ್ರಶ್ನಿಸಲೇಬೇಕು. ಆದರೆ ಎರಡು ಮನೆಗಳ ನಡುವೆ ನಿಂತ ಹುಡುಗನ ಸಂಕಟ ಅವನ ಕಲ್ಪನೆಯಲ್ಲ, ಅನುಭವ.

ಮನೆ ಬಿಡುವುದು ಶರಾವತಿ ಸೀಮೆಯಲ್ಲಿ ಮೂರು ತಲೆಮಾರಿನ ಕತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣವಾದಾಗ ಸಾಗರ, ಹೊಸನಗರದ ಎಷ್ಟೋ ಊರುಗಳು ನೀರಿನಡಿ ಹೋದವು. ಅಜ್ಜ-ಅಜ್ಜಿಯರು ಮನೆ, ತೋಟ, ದೇವಸ್ಥಾನ ಬಿಟ್ಟು ಹೊರಟರು. ‘ಮುಳುಗಡೆ’ ಎಂಬ ಒಂದೇ ಪದದಲ್ಲಿ ಅವರ ಇಡೀ ಬದುಕು ಅಡಗಿದೆ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಮಕ್ಕಳು ಓದಿಗೆ, ಆಸ್ಪತ್ರೆಗೆ ಲಾಂಚು ಕಾದರು. ಅಲ್ಲಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಮೂರನೆಯ ತಲೆಮಾರು ನೀರಿನ ಕಾರಣಕ್ಕಲ್ಲ, ಓದು-ಕೆಲಸದ ಕಾರಣಕ್ಕೆ ಹೊರಡುತ್ತಿದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಶಿವಮೊಗ್ಗ, ಮಂಗಳೂರು, ಆಮೇಲೆ ಬೆಂಗಳೂರು. ದೊಡ್ಡ ಜಗಲಿಯ ಮನೆಯಲ್ಲಿ ವಯಸ್ಸಾದ ಇಬ್ಬರು ಮಾತ್ರ ಕೂತು ಅಡಿಕೆ ಧಾರಣೆಯ ಸುದ್ದಿ ಕೇಳುತ್ತಿರುವುದು ಈಗ ಮಾಮೂಲಿ ದೃಶ್ಯ.

“ಮೋಗ್ಲಿ ಯಾಕೆ ಹೋಗಬೇಕು? ಅವನಿಗೆ ಕಾಡು ಇಷ್ಟ ಅಲ್ವಾ?” ಎಂದು ಚಿಕ್ಕವಳು ಕೇಳಿದಾಗ ಅಕ್ಕ ಅಡುಗೆಮನೆಯಿಂದಲೇ, “ಎಲ್ಲರೂ ಒಂದು ದಿನ ಹೋಗಲೇಬೇಕು ಪುಟ್ಟೀ,” ಎಂದಳು. ದೊಡ್ಡವನು ಮುಂದಿನ ವರ್ಷ ಪಿ.ಯು.ಸಿ.ಗೆ ಮಂಗಳೂರಿಗೆ ಹೊರಡುವವನು. ಅವನು ಏನೂ ಮಾತಾಡಲಿಲ್ಲ. ಆ ಸಂಜೆ ಅಪ್ಪನ ಹಿಂದೆ ತಾನಾಗಿಯೇ ತೋಟಕ್ಕೆ ಹೋದ.

ಹೊರಡುವುದು ತಪ್ಪೇನಲ್ಲ. ಹೊರಟವರೇ ಊರಿಗೆ ಹೆಸರು ತಂದದ್ದೂ ಉಂಟು. ಪ್ರಶ್ನೆ ಇರುವುದು ಬುತ್ತಿಯಲ್ಲಿ ಏನು ಕಟ್ಟಿ ಕಳಿಸುತ್ತೇವೆ ಎಂಬುದರಲ್ಲಿ. ಎರಡನೆಯ ಪುಸ್ತಕದ ಕೊನೆಗೆ, ಹದಿನೇಳರ ಪ್ರಾಯದಲ್ಲಿ ಮೋಗ್ಲಿ ಕಾಡಿಗೆ ವಿದಾಯ ಹೇಳುವಾಗ ಅವನ ಕೈಯಲ್ಲಿ ಆಸ್ತಿಯಿಲ್ಲ. ಬಾಲೂ ಕಲಿಸಿದ ಭಾಷೆಗಳಿವೆ, ಬಘೀರಾ ಕಲಿಸಿದ ಎಚ್ಚರವಿದೆ, ಬೇಕಾದಾಗ ಬಂದು ನಿಲ್ಲುವ ಬಂಧುಗಳಿದ್ದಾರೆ. ನಮ್ಮ ಮಕ್ಕಳಲ್ಲಿ ಹಲವರಿಗೆ ಕೆಂಪು ಪಾಂಡಾದ ಹೆಸರು ಗೊತ್ತು, ಮನೆ ಹಿಂದಿನ ಮರದ ಹೆಸರು ಗೊತ್ತಿಲ್ಲ. ಇದು ಮಕ್ಕಳ ತಪ್ಪಲ್ಲ. ಹೇಳಿಕೊಡುವವರಿಗೆ ಪುರುಸೊತ್ತಿಲ್ಲ.

ಒಟ್ಟಿಗೆ ಕೂತು ನೋಡಿ

ಹಳೆಯ ಧಾರಾವಾಹಿಯನ್ನು ಮತ್ತೆ ನೋಡುವುದೆಂದರೆ ‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವುದಲ್ಲ. ಆ ನಿಟ್ಟುಸಿರು ಮಕ್ಕಳಿಗೆ ಬೇಕಾಗಿಯೂ ಇಲ್ಲ. ಅವರಿಗೆ ಈ ಚಿತ್ರಗಳು ನಿಧಾನ ಅನಿಸಬಹುದು, ಬಣ್ಣ ಮಾಸಿದ ಹಾಗೆ ಕಾಣಬಹುದು. ಅನಿಸಲಿ. ಮೊಬೈಲು ಕೈಗೆ ಕೊಟ್ಟು ಸುಮ್ಮನಾಗುವುದಕ್ಕಿಂತ ದಿನಕ್ಕೊಂದು ಕಂತು ಜೊತೆಯಲ್ಲಿ ಕೂತು ನೋಡುವುದು ಮೇಲು. ಹಿಂದಿ ಬಾರದ ಅಜ್ಜ-ಅಜ್ಜಿಯರೂ ಇರಲಿ. ಮೊಮ್ಮಕ್ಕಳು ಅವರಿಗೆ ಕನ್ನಡದಲ್ಲಿ ಹೇಳಲಿ. ಕತೆ ಹೇಳಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ನೋಡುತ್ತ ಕೆಲವು ಪ್ರಶ್ನೆ ಕೇಳಿ. ಈ ಪ್ರಾಣಿ ನಮ್ಮ ಕಾಡಿನಲ್ಲಿದೆಯೇ? ಇದ್ದರೆ ನಮ್ಮ ಊರಿನಲ್ಲಿ ಅದಕ್ಕೆ ಏನನ್ನುತ್ತಾರೆ? ಮೋಗ್ಲಿಗೆ ಇವತ್ತು ಕಲಿಸಿದವರು ಯಾರು? ಹುಲಿಯ ಕಡೆಯಿಂದ ಕತೆ ಹೇಳಿದರೆ ಹೇಗಿರುತ್ತದೆ? ವಿದ್ಯಾರ್ಥಿಗಳು ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು ಮಾಡಿ, ಒಂದರಲ್ಲಿ ತೆರೆಯ ಮೇಲಿನ ಕಾಡು, ಇನ್ನೊಂದರಲ್ಲಿ ತಮ್ಮ ಊರಿನ ಕಾಡು ಎಂದು ಬರೆಯುತ್ತ ಹೋದರೆ 52 ಕಂತು ಮುಗಿಯುವಷ್ಟರಲ್ಲಿ ಅವರದೇ ಒಂದು ಪುಸ್ತಕವಾಗಿರುತ್ತದೆ.

ಆಮೇಲೆ ಒಂದು ದಿನ ಹಿರಿಯರೊಬ್ಬರ ಜೊತೆ ಹತ್ತಿರದ ಕಾನಿನ ಅಂಚಿನವರೆಗಾದರೂ ಹೋಗಿ ಬನ್ನಿ. ಡಿಸೆಂಬರ್‌ನಿಂದ ಮೇ ತನಕ ಉಣುಗಿನ ಕಾಲ. ಆಗ ಹೋಗುವುದಾದರೆ ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಬೇಕು. ಐದು ಮರ, ಐದು ಹಕ್ಕಿಯ ದನಿ ಗುರುತಿಸಲು ಕಲಿತರೆ ಒಂದು ದಿನಕ್ಕೆ ಅದು ದೊಡ್ಡ ಸಂಪಾದನೆ. ಮಂಗಳೂರಿನ ಹಾಸ್ಟೆಲಿಗೆ ಹೊರಡುವ ಹುಡುಗನ ಚೀಲದಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿ ಹೇಗೂ ಇರುತ್ತದೆ. ಆ ಐದು ಹೆಸರುಗಳೂ ಇರಲಿ, ಅವಕ್ಕೆ ತೂಕವಿಲ್ಲ.